ಬೇಸಿಗೆಗೆ ತಂಪು, ಮಳೆಗಾಲಕ್ಕೆ ಬಿಸಿನೀರು: ವಾಣಿಜ್ಯ ಕಟ್ಟಡಗಳ ಹಸಿರು ಶಕ್ತಿಯ ಲೆಕ್ಕ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಿ.ಎಚ್. ರಸ್ತೆಯಲ್ಲಿ ಹೆಚ್ಚೆಂದರೆ 20 ಕಿಲೋಮೀಟರ್. ಆ ದಾರಿಯ ಎರಡೂ ಬದಿಯಲ್ಲಿ, ಎರಡೂ ಊರಿನ ಪೇಟೆಯೊಳಗೆ ಈಚಿನ ವರ್ಷಗಳಲ್ಲಿ ಎದ್ದ ವಾಣಿಜ್ಯ ಕಟ್ಟಡಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮುಂಭಾಗಕ್ಕೆ ಗಾಜು ಮತ್ತು ಎಸಿಪಿ ಶೀಟು, ಪಕ್ಕದ ಗೋಡೆಗೆ ಸಾಲುಸಾಲಾಗಿ ಎಸಿಯ ಔಟ್‌ಡೋರ್ ಯೂನಿಟ್ಟು, ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು. ಬಟ್ಟೆ ಅಂಗಡಿ, ಬ್ಯಾಂಕು, ನರ್ಸಿಂಗ್ ಹೋಮು, ಲಾಡ್ಜು, ಕಲ್ಯಾಣ ಮಂಟಪ ಯಾವುದೇ ಆಗಲಿ, ಫ್ಯಾನಿನ ಕಾಲ ಮುಗಿದು ಎಸಿಯ ಕಾಲ ಬಂದಿದೆ. ಏಪ್ರಿಲ್‌ನಲ್ಲಿ ಪಾದರಸ 37-38 ಡಿಗ್ರಿ ಮುಟ್ಟುವ ಊರಿನಲ್ಲಿ ಇದನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಗಿರಾಕಿಗೆ, ರೋಗಿಗೆ, ದಿನವಿಡೀ ಕೌಂಟರಿನ ಹಿಂದೆ ನಿಲ್ಲುವ ಹುಡುಗಿಗೆ ತಂಪು ಬೇಕು.

ಆ ತಂಪನ್ನೂ, ಅದರ ಜೋಡಿಯಾಗಿ ಬೇಕಾಗುವ ಬಿಸಿಯನ್ನೂ ಹಸಿರು ಶಕ್ತಿಯಿಂದ ಒದಗಿಸಬಹುದೇ ಎಂಬುದು ಈ ಲೇಖನದ ಪ್ರಶ್ನೆ. ಕೇಳಿದ ಕೂಡಲೇ ಬರುವ ಉತ್ತರ, ‘ತಾರಸಿಗೆ ಸೋಲಾರ್ ಹಾಕಿಸಿ’. ಉತ್ತರ ಸುಳ್ಳಲ್ಲ, ಆದರೆ ಅದು ಮೂರನೆಯ ಹೆಜ್ಜೆ. ಬೇಡಿಕೆ ಎಷ್ಟು, ಅದು ಯಾವ ಹೊತ್ತಿನದು ಎಂಬ ಎರಡು ಹೆಜ್ಜೆಗಳು ಅದಕ್ಕೂ ಮೊದಲಿವೆ. ಮಲೆನಾಡಿನ ಅಂಚಿನ ಈ ಜೋಡಿ ಊರುಗಳಲ್ಲಿ ಆ ಎರಡನ್ನು ದಾಟಿ ಮೂರನೆಯದಕ್ಕೆ ಹಾರಿದರೆ ಲೆಕ್ಕ ತಪ್ಪುತ್ತದೆ.

ಇಲ್ಲಿನ ಬಿಸಿ, ಇಲ್ಲಿನ ತಂಪು

ಯುರೋಪಿನ ಬರಹಗಳಲ್ಲಿ ಕಟ್ಟಡದ ಬಿಸಿ ಎಂದರೆ ಕೋಣೆಯನ್ನು ಬೆಚ್ಚಗಿಡುವುದು. ನಮ್ಮಲ್ಲಿ ಡಿಸೆಂಬರ್‌ನ ಚಳಿಗೂ ಒಂದು ಶಾಲು ಸಾಕು. ಇಲ್ಲಿ ಬಿಸಿ ಎಂದರೆ ಲಾಡ್ಜಿನ ಸ್ನಾನದ ನೀರು, ಹಾಸ್ಟೆಲಿನ ಅಡುಗೆಮನೆ, ಆಸ್ಪತ್ರೆಯ ಆಟೋಕ್ಲೇವಿಗೆ ಬೇಕಾದ 121 ಡಿಗ್ರಿಯ ಹಬೆ, ಮಾಚೇನಹಳ್ಳಿಯ ಶಿಮುಲ್ ಡೇರಿಯಂಥ ಕಡೆ ಹಾಲನ್ನು 72 ಡಿಗ್ರಿಗೆ ಕಾಯಿಸಿ 4 ಡಿಗ್ರಿಗೆ ಇಳಿಸುವ ಕೆಲಸ. ಅಂದರೆ ವರ್ಷದ ಎಲ್ಲ ದಿನವೂ ಬೇಕಾಗುವ ಬಿಸಿ, ಮಳೆಗಾಲದಲ್ಲಂತೂ ಇನ್ನಷ್ಟು ಬೇಕಾಗುವ ಬಿಸಿ.

ತಂಪಿನ ಬೇಡಿಕೆ ಇದಕ್ಕೆ ತದ್ವಿರುದ್ಧ. ಫೆಬ್ರವರಿ ಕೊನೆಗೆ ಶುರುವಾಗಿ ಮೇ ತಿಂಗಳ ಮಳೆಗೆ ಇಳಿದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಬಿಸಿಲಿನ ಪಂಚಾಂಗವೂ ಹೀಗೇ. ಬಿಸಿಲು ಹೇರಳವಾಗಿರುವ ತಿಂಗಳಲ್ಲಿ ಎಸಿ ಓಡುತ್ತದೆ. ಮೋಡ ಕವಿದ ತಿಂಗಳಲ್ಲಿ ಬಿಸಿನೀರು ಬೇಕಾಗುತ್ತದೆ. ಸೌರಶಕ್ತಿಗೆ ತಂಪಿನ ಜತೆ ಸಹಜ ನಂಟು, ಬಿಸಿನೀರಿನ ಜತೆ ನಾಲ್ಕು ತಿಂಗಳ ಜಗಳ. ಇದು ಬಯಲುಸೀಮೆಯ ಬಳ್ಳಾರಿಗೋ ರಾಯಚೂರಿಗೋ ಇಷ್ಟು ತೀವ್ರವಾಗಿ ಅನ್ವಯಿಸದು.

ದಿನದ ಹೊತ್ತಿನಲ್ಲೂ ಕಟ್ಟಡಗಳು ಎರಡು ಬಗೆಯವು. ಬ್ಯಾಂಕು, ಕಚೇರಿ, ಬಟ್ಟೆ ಅಂಗಡಿಗಳಿಗೆ ತಂಪು ಬೇಕಾಗುವುದು ಹೆಚ್ಚಾಗಿ ಹಗಲಿಗೆ, ಬಿಸಿಲಿದ್ದಾಗಲೇ ಬಳಕೆ. ಚಿತ್ರಮಂದಿರದ ರಾತ್ರಿಯ ಆಟ, ಲಾಡ್ಜಿನ ಕೋಣೆ, ಕಲ್ಯಾಣ ಮಂಟಪದ ಆರತಕ್ಷತೆ, ಆಸ್ಪತ್ರೆಯ ಐಸಿಯು ಇವಕ್ಕೆ ಬೇಕಾದದ್ದು ಸೂರ್ಯ ಮುಳುಗಿದ ಮೇಲೂ. ಎರಡಕ್ಕೂ ಒಂದೇ ಮದ್ದು ಹೇಳುವ ವೈದ್ಯರನ್ನು ನಂಬಬಾರದು.

ಬೆಂಕಿಪುರ ಕಲಿಸಿದ್ದು

ಮರುಹುಟ್ಟು ಪಡೆಯಬಲ್ಲ ಶಕ್ತಿಯ ವಿಷಯದಲ್ಲಿ ಭದ್ರಾವತಿಗೆ ಒಂದು ಶತಮಾನದ ಅನುಭವವಿದೆ. ಹಿಂದೆ ಬೆಂಕಿಪುರ ಎಂದು ಕರೆಯಲ್ಪಡುತ್ತಿದ್ದ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1918ರಲ್ಲಿ ಆರಂಭಗೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ; ಹಾಗಾಗಿ ಕುಲುಮೆಗೆ ಬಿದ್ದದ್ದು ಸುತ್ತಲಿನ ಕಾಡಿನ ಮರದಿಂದ ಮಾಡಿದ ಇದ್ದಿಲು. ಮರವನ್ನು ಬಟ್ಟಿ ಇಳಿಸಿ ಇದ್ದಿಲಿನ ಜತೆಗೆ ಮದ್ಯಸಾರವನ್ನೂ ಟಾರನ್ನೂ ತೆಗೆಯುವ ಘಟಕ ಕಾರ್ಖಾನೆಯ ಭಾಗವೇ ಆಗಿತ್ತು. ಇಂದಿನ ಮಾತಿನಲ್ಲಿ ಹೇಳಿದರೆ ಅದು ಜೈವಿಕ ಇಂಧನದಿಂದ ನಡೆದ ಉಕ್ಕಿನ ಉದ್ಯಮ. ಕಾಡು ಮತ್ತೆ ಬೆಳೆಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಸರಿಯಿತ್ತು. ಬೆಳೆಯುವ ವೇಗಕ್ಕೂ ಉರಿಯುವ ವೇಗಕ್ಕೂ ತಾಳೆಯಾಗದೆ ಹೋದಾಗ ಭದ್ರೆಯ ಆಸುಪಾಸಿನ ಕಾಡು ಬೆಲೆ ತೆತ್ತಿತು.

ಆಮೇಲೆ ಜೋಗದ ವಿದ್ಯುತ್ತು ಬಂತು. 1948ರಲ್ಲಿ ಚಾಲನೆಗೊಂಡ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರದ ಮೂಲ ಸಾಮರ್ಥ್ಯ 120 ಮೆಗಾವಾಟ್. 1950ರ ದಶಕದ ಆರಂಭದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಉರಿದವು. ಮುಂದೆ ಲಿಂಗನಮಕ್ಕಿ ಜಲಾಶಯ, ಶರಾವತಿಯ 1,035 ಮೆಗಾವಾಟ್ ಕೇಂದ್ರ. ಇಡೀ ರಾಜ್ಯಕ್ಕೆ ಅಗ್ಗದ, ಹೊಗೆಯಿಲ್ಲದ ಬೆಳಕು ಕೊಟ್ಟ ಜಿಲ್ಲೆ ಇದು. ಮುಳುಗಡೆಯ ಕುಟುಂಬಗಳು ತಮಗೆ ಸಿಕ್ಕ ಭೂಮಿಯ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷಗಳ ಮೇಲೂ ಕಚೇರಿ ಅಲೆಯುತ್ತಿರುವ ಜಿಲ್ಲೆಯೂ ಇದೇ. ಕಾಗದದ ಕಾರ್ಖಾನೆಯ ನೆಡುತೋಪಿನದೂ ಅಂಥದೇ ಕತೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೆ (ಎಂಪಿಎಂ) ಸಾವಿರಾರು ಹೆಕ್ಟೇರ್ ಕಾಡು ಗುತ್ತಿಗೆಗೆ ಸಿಕ್ಕಿ ಅಕೇಶಿಯಾ, ನೀಲಗಿರಿ ಬೆಳೆದವು. ಕಾರ್ಖಾನೆ ಕಳೆದ ದಶಕದಲ್ಲಿ ನಿಂತರೂ ತೋಪು ಉಳಿಯಿತು. ‘ಅಕೇಶಿಯಾ ಬೇಡ’ ಎಂಬ ಚಳವಳಿ ಹುಟ್ಟಿತು.

ಉಕ್ಕಿನ ಕಾರ್ಖಾನೆಯ ನ್ಯೂ ಟೌನ್, ಕಾಗದದ ಕಾರ್ಖಾನೆಯ ಪೇಪರ್ ಟೌನ್ ಎರಡೂ ಇಂಥ ಶಕ್ತಿಯ ನೆರಳಲ್ಲೇ ಬೆಳೆದ ಬಡಾವಣೆಗಳು. ಹಾಗಾಗಿ ಇಲ್ಲಿನವರಿಗೆ ಹಸಿರು ಎಂಬ ಹಣೆಪಟ್ಟಿಯೊಂದೇ ಸಾಲದು. ಎಷ್ಟು ಬಳಕೆ, ಎಲ್ಲಿಂದ ತಂದದ್ದು, ಯಾರ ಖರ್ಚಿನಲ್ಲಿ ಎಂದು ಕೇಳುವ ಹಕ್ಕು ಅವರಿಗೆ ಉಳಿದವರಿಗಿಂತ ಹೆಚ್ಚು.

ತಾರಸಿಯ ಗಣಿತ

ಒಂದು ಮಾದರಿ ಲೆಕ್ಕ ಹಾಕೋಣ. 2,000 ಚದರ ಅಡಿ ನೆಲದ ಮೇಲೆ ಮೂರು ಅಂತಸ್ತಿನ ಬಟ್ಟೆ ಅಂಗಡಿ. ಎಸಿ ಬೇಕಾದ ಜಾಗ 6,000 ಚದರ ಅಡಿ. ಈ ಕಸುಬಿನವರು ಹಾಕುವ ಅಂದಾಜು 150 ಚದರ ಅಡಿಗೆ ಒಂದು ಟನ್. ಅಂದರೆ 40 ಟನ್. ಸಾಧಾರಣ ಸ್ಪ್ಲಿಟ್ ಎಸಿ ಟನ್ನಿಗೆ ಗಂಟೆಗೆ ಸುಮಾರು 1.2 ಯೂನಿಟ್ ಎಳೆಯುತ್ತದೆ. ಹತ್ತು ಗಂಟೆಯ ವ್ಯಾಪಾರದಲ್ಲಿ ಸರಾಸರಿ ಶೇ 60ರಷ್ಟು ಹೊರೆ ಎಂದಿಟ್ಟುಕೊಂಡರೂ ಬೇಸಿಗೆಯ ದಿನಕ್ಕೆ 288 ಯೂನಿಟ್.

ಈಗ ತಾರಸಿ. ಒಂದು ಕಿಲೋವಾಟ್ ಸೌರಫಲಕಕ್ಕೆ ಸುಮಾರು 100 ಚದರ ಅಡಿ ಬೇಕು, ಅದು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಲಿಫ್ಟಿನ ಕೋಣೆ, ಟ್ಯಾಂಕು, ಪಕ್ಕದ ಕಟ್ಟಡದ ನೆರಳು ಕಳೆದರೆ ಅರ್ಧ ತಾರಸಿ ಸಿಗುತ್ತದೆ: 10 ಕಿಲೋವಾಟ್, 40 ಯೂನಿಟ್. ಎತ್ತರದ ಚೌಕಟ್ಟು ಕಟ್ಟಿ ಇಡೀ ತಾರಸಿ ಮುಚ್ಚಿದರೂ 80 ಯೂನಿಟ್. ಬೇಡಿಕೆಯ ಕಾಲುಭಾಗ ಚಿಲ್ಲರೆ. ಅಂತಸ್ತು ಏರಿದಷ್ಟೂ ಪಾಲು ಇಳಿಯುತ್ತದೆ. ಏಕೆಂದರೆ ಬೇಡಿಕೆ ಮೇಲೆ ಮೇಲೆ ಬೆಳೆಯುತ್ತದೆ, ತಾರಸಿ ಬೆಳೆಯುವುದಿಲ್ಲ.

ಉಳಿದ ವಿದ್ಯುತ್ತು ಮೆಸ್ಕಾಂ ತಂತಿಯಲ್ಲೇ ಬರಬೇಕು. ಕರ್ನಾಟಕದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು, ಬಿಸಿಲು, ಗಾಳಿಯದು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕು, ಚಿತ್ರದುರ್ಗದ ಗಾಳಿಯಂತ್ರಗಳು ಇದರಲ್ಲಿ ಸೇರಿವೆ. ಆದರೆ ಸಾಮರ್ಥ್ಯ ಬೇರೆ, ಬೇಕಾದ ಗಳಿಗೆಯಲ್ಲಿ ಸಿಗುವುದು ಬೇರೆ. 2023ರಲ್ಲಿ ಮುಂಗಾರು ಕೈಕೊಟ್ಟಿತು, ಶರಾವತಿಯಂಥ ಜಲಾಶಯಗಳು ತುಂಬಲಿಲ್ಲ, ಸೆಕೆಗೆ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಯಿತು. ಬರಗಾಲದ ವರ್ಷ ಜಲವಿದ್ಯುತ್ತು ಇಳಿಯುತ್ತದೆ, ಎಸಿಯ ಬೇಡಿಕೆ ಏರುತ್ತದೆ. ಸಂಜೆಯ ಎಸಿಗೆ ಹೋಗುವ ಕೊನೆಯ ಯೂನಿಟ್ಟು ಬಹಳ ಸಲ ಕಲ್ಲಿದ್ದಲಿನದೇ. ದೇಶದ ಗ್ರಿಡ್‌ನ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಸಂಜೆಯ ಈ ಕೊರತೆ ತುಂಬಲೆಂದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸಲಾಗಿದೆ. ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ರಾತ್ರಿ ಇಳಿಸಿ ವಿದ್ಯುತ್ ತೆಗೆಯುವ ಯೋಜನೆ. ಸಿಂಗಳೀಕಗಳ ಅಭಯಾರಣ್ಯದೊಳಗೆ ಅದು ಬರುತ್ತದೆ ಎಂಬ ಕಾರಣಕ್ಕೆ ವಿರೋಧವೂ ಜೋರಾಗಿದೆ. ಶಿವಮೊಗ್ಗದ ಶೋರೂಮಿನ ಸಂಜೆಯ ತಂಪಿಗೂ ಆ ಕಣಿವೆಗೂ ನೇರ ನಂಟಿದೆ. ಪೇಟೆಯ ಕಟ್ಟಡಗಳು ಸಂಜೆಯ ಬೇಡಿಕೆಯನ್ನು ಇಳಿಸಿಕೊಂಡಷ್ಟೂ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ.

ಮೊದಲು ಶಾಖ ತಡೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹಾಸಿಗೆ ಎಂದರೆ ತಾರಸಿ. 288 ಯೂನಿಟ್ಟಿನ ಬೇಡಿಕೆ 140ಕ್ಕೆ ಇಳಿದರೆ ಅದೇ 80 ಯೂನಿಟ್ಟಿನ ತಾರಸಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರುತ್ತದೆ. ಇಳಿಸುವುದು ಹೇಗೆ?

ಮೊದಲ ಕಳ್ಳ ಪಡುವಣದ ಗಾಜು. ಏಪ್ರಿಲ್‌ನ ಸಂಜೆ ನಾಲ್ಕರ ಬಿಸಿಲು ನೆರಳಿಲ್ಲದ ಸಾದಾ ಗಾಜಿನ ಮೂಲಕ ಚದರ ಮೀಟರಿಗೆ ಸುಮಾರು 500 ವಾಟ್ ಶಾಖವನ್ನು ಒಳಕ್ಕೆ ತಳ್ಳಬಲ್ಲದು. ಹತ್ತು ಚದರ ಮೀಟರ್ ಗಾಜಿಗೆ 5 ಕಿಲೋವಾಟ್. ಒಂದು ಟನ್ ಎಸಿ ಹೊರಹಾಕುವ ಶಾಖವೇ ಸುಮಾರು 3.5 ಕಿಲೋವಾಟ್. ಅಂದರೆ ಮುಂಭಾಗದ ಅಂದಕ್ಕೆಂದು ಇಟ್ಟ ಒಂದು ಗಾಜಿನ ಪರದೆ ಒಂದೂವರೆ ಟನ್ನಿನ ಎಸಿಯನ್ನು ನುಂಗುತ್ತದೆ. ಹೊರಗಿನಿಂದ ನೆರಳು ಕೊಡುವ ಸಜ್ಜೆ, ಜಾಲಂದ್ರ, ಆಳದ ಜಗಲಿ ಇವೆಲ್ಲ ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಒಳಗಿನ ಪರದೆ ಅಷ್ಟು ಕೆಲಸ ಮಾಡದು. ಶಾಖ ಆಗಲೇ ಒಳಗೆ ಬಂದಿರುತ್ತದೆ.

ಎರಡನೆಯದು ತಾರಸಿ. ಬೋಳು ಕಾಂಕ್ರೀಟು ಹಗಲಿಡೀ ಶಾಖ ಕುಡಿದು ರಾತ್ರಿ ಕಾರುತ್ತದೆ. ಬಿಳಿಯ ಪ್ರತಿಫಲಕ ಬಣ್ಣ ಬಳಿದರೆ ಬಿಸಿಲಿನ ಬಹುಪಾಲು ವಾಪಸು ಹೋಗುತ್ತದೆ. ಬಣ್ಣಕ್ಕೆ ದುಡ್ಡಿಲ್ಲದವರಿಗೆ ಸುಣ್ಣವೂ ಆದೀತು, ವರ್ಷವರ್ಷ ಬಳಿಯಬೇಕಷ್ಟೆ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ತಂಪು ಚಾವಣಿ ನೀತಿಯನ್ನು ತಂದು, ದೊಡ್ಡ ಕಟ್ಟಡಗಳಿಗೆ ಕಡ್ಡಾಯ ಮಾಡಿತು. ಎತ್ತರಿಸಿ ಕೂರಿಸಿದ ಸೌರಫಲಕವೂ ತಾರಸಿಗೆ ನೆರಳಾಗುತ್ತದೆ. ಅದರ ಎರಡನೆಯ ಲಾಭವನ್ನು ಮಾರುವವರು ಹೇಳುವುದು ಕಡಿಮೆ.

ಮೂರನೆಯದು ಎಸಿಯ ಡಿಗ್ರಿ. ಇಂಧನ ದಕ್ಷತಾ ಬ್ಯೂರೊ (ಬಿಇಇ) ಲೆಕ್ಕದ ಪ್ರಕಾರ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿತಾಯ. 2020ರಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು 24 ಡಿಗ್ರಿಯಲ್ಲೇ ಚಾಲೂ ಆಗಬೇಕೆಂಬ ನಿಯಮ ಬಂದಿದೆ. 18ಕ್ಕೆ ಇಳಿಸಿ ಸಿಬ್ಬಂದಿಗೆ ಸ್ವೆಟರ್ ಹಾಕಿಸುವ ಬ್ಯಾಂಕುಗಳು ಈಗಲೂ ಇವೆ. 26ಕ್ಕಿಟ್ಟು ಮೇಲೆ ಫ್ಯಾನ್ ತಿರುಗಿಸಿದರೆ ಮೈಗೆ ಆಗುವ ತಂಪು ಕಡಿಮೆಯಾಗದು. ಹಳೆಯ ಫ್ಯಾನ್ 75 ವಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು.

ನಾಲ್ಕನೆಯದು ರಾತ್ರಿಯ ಗಾಳಿ. ಏಪ್ರಿಲ್‌ನಲ್ಲೂ ಶಿವಮೊಗ್ಗದ ಬೆಳಗಿನ ಜಾವ 22-23 ಡಿಗ್ರಿಗೆ ಇಳಿಯುತ್ತದೆ. ಎತ್ತರದ ಚಾವಣಿ, ಎದುರುಬದುರು ಕಿಟಕಿ, ಬಿಸಿಗಾಳಿ ಏರಿ ಹೋಗಲು ಮೇಲೊಂದು ದಾರಿ ಇದ್ದರೆ ಆ ತಂಪು ಗೋಡೆಯೊಳಗೆ ಉಳಿದು ಮಧ್ಯಾಹ್ನದವರೆಗೆ ಬರುತ್ತದೆ. ಬೆಂಗಳೂರಿನ ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸಗೊಳಿಸಿದ ‘ಟೆರಿ’ ಕಟ್ಟಡ ಇದರ ಒಳ್ಳೆಯ ಉದಾಹರಣೆ. ದಕ್ಷಿಣಕ್ಕೆ ಕೊಳಚೆ ಕಾಲುವೆ ಇದ್ದುದರಿಂದ ಆ ಬದಿಯನ್ನು ಕಡಪ ಕಲ್ಲಿನ ಟೊಳ್ಳು ಗೋಡೆಯಿಂದ ಮುಚ್ಚಿದರು. ಕಲ್ಲು ಕಾದು ಟೊಳ್ಳಿನೊಳಗಿನ ಗಾಳಿ ಮೇಲೇಳುತ್ತದೆ, ಆ ಸೆಳೆತಕ್ಕೆ ಉತ್ತರದ ತಂಗಾಳಿ ಕಟ್ಟಡದೊಳಗೆ ಹರಿಯುತ್ತದೆ. ಯಂತ್ರವಿಲ್ಲದೆ ನಡೆಯುವ ಈ ಕೆಲಸಕ್ಕೆ ತಿಂಗಳ ಬಿಲ್ಲಿಲ್ಲ.

ಯಂತ್ರ ಬೇಕೇ ಬೇಕು ಎಂಬಲ್ಲೂ ಆಯ್ಕೆಯಿದೆ. ಹೈದರಾಬಾದಿನ ಪೋಚಾರಂ ಕ್ಯಾಂಪಸ್ಸಿನಲ್ಲಿ ಇನ್ಫೊಸಿಸ್ ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಎಸಿಯನ್ನೂ, ಇನ್ನರ್ಧಕ್ಕೆ ಕಾಂಕ್ರೀಟಿನೊಳಗಿನ ಕೊಳವೆಯಲ್ಲಿ ತಣ್ಣೀರು ಹರಿಸುವ ವಿಕಿರಣ ತಂಪನ್ನೂ ಅಳವಡಿಸಿ ಎರಡನ್ನೂ ಅಳೆಯಿತು. ಎರಡನೆಯದು ಶೇ 34ರಷ್ಟು ಕಡಿಮೆ ವಿದ್ಯುತ್ ಬಳಸಿತು. ಆ ಎರಡೂ ಅರ್ಧಗಳಿಗೆ ಒಂದೇ ಗೋಡೆ, ಒಂದೇ ಬಿಸಿಲು, ಒಂದೇ ಬಗೆಯ ಕೆಲಸ. ಹಾಗಾಗಿ ಈ ಅಳತೆಗೆ ತೂಕವಿದೆ. ಮಾರ್ಚ್‌ನ ಒಣ ಸೆಕೆಗೆ ಕೂಲರ್ ಕೂಡ ಹೊಂದುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ಟಿನಷ್ಟು ಶಾಖ ಹೀರುತ್ತದೆ. ಮೇ ತಿಂಗಳ ಮಳೆಗೆ ಮುಂಚಿನ ಜಿಗುಟು ಸೆಕೆಯಲ್ಲಿ ಅದರ ಆಟ ನಡೆಯದು.

ಬಿಸಿನೀರು: ಹಂಡೆಯಿಂದ ಹೀಟ್ ಪಂಪಿಗೆ

ಅಡಿಕೆ ಸಿಪ್ಪೆ, ಕರಟ, ಒಣ ಸೌದೆ ಒಡ್ಡಿ ಹಂಡೆ ಕಾಯಿಸುತ್ತಿದ್ದ ನಾಡು ಇದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತಂಡದ ಹೊಗೆರಹಿತ ಒಲೆಯೂ ಈ ಪರಂಪರೆಯ ಮುಂದುವರಿಕೆಯೇ. ಲಾಡ್ಜು, ಹಾಸ್ಟೆಲ್‌ಗಳಲ್ಲಿ ಹಂಡೆಯ ಜಾಗಕ್ಕೆ ಬಂದದ್ದು ಗೀಸರು, ಆಮೇಲೆ ಸೋಲಾರ್ ವಾಟರ್ ಹೀಟರು. 2007ರಲ್ಲೇ ಕರ್ನಾಟಕ ಸರ್ಕಾರ ಆಸ್ಪತ್ರೆ, ಹೋಟೆಲ್ ಮುಂತಾದ ಕಟ್ಟಡಗಳಿಗೆ ಸೌರ ಬಿಸಿನೀರನ್ನು ಕಡ್ಡಾಯ ಮಾಡಿತು. ದೇಶದಲ್ಲಿ ಈ ತಂತ್ರಜ್ಞಾನ ಬೇರೂರಿದ ರಾಜ್ಯಗಳಲ್ಲಿ ನಮ್ಮದು ಮುಂಚೂಣಿಯದು. ಸರಳ, ದೀರ್ಘಾಯುಷಿ, ಬಿಸಿಲನ್ನು ವಿದ್ಯುತ್ತು ಮಾಡಿ ಮತ್ತೆ ಶಾಖ ಮಾಡುವ ಸುತ್ತುದಾರಿಯಿಲ್ಲ.

ತೊಡಕು ಜೂನ್‌ನಿಂದ ಶುರು. ಮೋಡ ಕಟ್ಟಿದ ವಾರಗಳಲ್ಲಿ ಟ್ಯಾಂಕಿನ ನೀರು ಉಗುರುಬೆಚ್ಚಗೆ ಉಳಿಯುತ್ತದೆ, ಒಳಗಿನ ವಿದ್ಯುತ್ ಕಾಯಿಲು ಸದ್ದಿಲ್ಲದೆ ಓಡುತ್ತದೆ. 100 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು ಗೀಸರಿಗೆ 3.5 ಯೂನಿಟ್ ಬೇಕು. 30 ಕೋಣೆಯ ಲಾಡ್ಜಿಗೆ ಕೋಣೆಗೆ 80 ಲೀಟರಿನಂತೆ ದಿನಕ್ಕೆ 84 ಯೂನಿಟ್. ಇದೇ ಕೆಲಸವನ್ನು ಹೀಟ್ ಪಂಪ್ ಮೂರನೇ ಒಂದು ಭಾಗ ವಿದ್ಯುತ್ತಿನಲ್ಲಿ ಮಾಡುತ್ತದೆ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ತರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಈ ಯಂತ್ರ ಚಳಿಗಾಲದಲ್ಲಿ ಏದುಸಿರು ಬಿಡುತ್ತದೆ. ಇಲ್ಲಿನ ಮಳೆಗಾಲದ 22-26 ಡಿಗ್ರಿಯ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು. ಎಂಟು ತಿಂಗಳು ಸೋಲಾರ್, ನಾಲ್ಕು ತಿಂಗಳು ಹೀಟ್ ಪಂಪ್ ಎಂಬ ಜೋಡಿ ಮಲೆನಾಡಿಗೆ ಸರಿಹೊಂದುತ್ತದೆ. ಮುಂಗಾರಿನ ಗಾಳಿಗೆ ಚಿತ್ರದುರ್ಗದ ಜೋಗಿಮಟ್ಟಿಯಂಥ ಗುಡ್ಡಗಳ ಯಂತ್ರಗಳು ರಭಸದಿಂದ ತಿರುಗುವುದೂ ಇದೇ ತಿಂಗಳುಗಳಲ್ಲಿ. ಮಳೆಗಾಲದ ಬಿಸಿನೀರಿಗೆ ಗಾಳಿಯ ವಿದ್ಯುತ್ತು, ಬೇಸಿಗೆಯ ತಂಪಿಗೆ ಬಿಸಿಲಿನ ವಿದ್ಯುತ್ತು: ರಾಜ್ಯದ ಭೂಗೋಳವೇ ಈ ಹಂಚಿಕೆ ಮಾಡಿಕೊಟ್ಟಿದೆ.

ಇನ್ನೊಂದು ಮೂಲ ಕಣ್ಣೆದುರೇ ಪೋಲಾಗುತ್ತಿದೆ. ಕಟ್ಟಡದ ಹಿಂದೆ ಔಟ್‌ಡೋರ್ ಯೂನಿಟ್ಟು ಬಿಸಿಗಾಳಿ ಊದುತ್ತಿರುತ್ತದೆ, ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಗೀಸರು ನೀರು ಕಾಯಿಸುತ್ತಿರುತ್ತದೆ. ಹೊರಗೆಸೆಯುವ ಶಾಖವನ್ನು ನೀರಿಗೆ ತಿರುಗಿಸುವ ಉಪಕರಣ ದುಬಾರಿಯೇನಲ್ಲ. ಆಸ್ಪತ್ರೆ, ಹೋಟೆಲ್‌ಗಳಂತೆ ಎರಡೂ ಒಟ್ಟಿಗೆ ಬೇಕಾದ ಕಡೆ ಅದು ಬೇಗ ಗಿಟ್ಟುತ್ತದೆ. ಡೇರಿಗಳು ಈ ಜಾಣ್ಮೆಯನ್ನು ಮೊದಲಿನಿಂದಲೂ ಬಲ್ಲವು. ಕಾದು ಹೊರಬರುವ ಹಾಲು ತಣ್ಣಗೆ ಒಳಬರುವ ಹಾಲಿಗೆ ತೆಳು ತಗಡಿನ ಆಚೆಯಿಂದ ಶಾಖ ದಾಟಿಸಿ ತಾನು ತಣಿಯುತ್ತದೆ. ಬಿಸಿ ಮಾಡುವ ಖರ್ಚೂ ತಣಿಸುವ ಖರ್ಚೂ ಒಟ್ಟಿಗೆ ಇಳಿಯುತ್ತವೆ.

ತಂಪನ್ನು ಕೂಡಿಡುವುದು

ಸಂಜೆಯ ಬೇಡಿಕೆಗೆ ಬ್ಯಾಟರಿಯೊಂದೇ ದಾರಿ ಎಂಬ ಭಾವನೆಯಿದೆ. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ತಂಪನ್ನು ಕೂಡಿಡುವುದು ಬಹಳ ಕಡೆ ಸುಲಭ. ಒಂದು ಘನ ಮೀಟರ್ ನೀರು ಮಂಜುಗಡ್ಡೆಯಾದರೆ ಸುಮಾರು 93 ಯೂನಿಟ್ಟಿನಷ್ಟು ತಂಪು ಅದರಲ್ಲಿ ಅಡಗುತ್ತದೆ. ಹಾಲಿನ ಡೇರಿಗಳ ಐಸ್ ಬ್ಯಾಂಕ್ ಟ್ಯಾಂಕು ಇದೇ ತತ್ವದ್ದು.

ಕಲ್ಯಾಣ ಮಂಟಪಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಎಸಿ ಓಡುವುದು ಮುಹೂರ್ತದ ದಿನ ಮಾತ್ರ. ಮದುವೆಗಳು ಒತ್ತಾಗಿ ನಡೆಯುವುದು ಬೇಸಿಗೆಯಲ್ಲಿ, ಆಷಾಢದ ಮಳೆಯಲ್ಲಿ ಮಂಟಪಕ್ಕೆ ಬೀಗ. ಆರತಕ್ಷತೆಯ ನಾಲ್ಕು ಗಂಟೆಗೆ 100 ಟನ್ ತಂಪು ಬೇಕೆಂದರೆ ಅಷ್ಟು ದೊಡ್ಡ ಯಂತ್ರವನ್ನೇ ಕೊಳ್ಳುವುದು ಒಂದು ದಾರಿ. ಸಣ್ಣ ಯಂತ್ರವನ್ನು ಹಗಲಿಡೀ ಸೌರ ವಿದ್ಯುತ್ತಿನಲ್ಲಿ ಓಡಿಸಿ 16 ಘನ ಮೀಟರಿನಷ್ಟು ಮಂಜುಗಡ್ಡೆ ಕಟ್ಟಿಕೊಂಡು ಸಂಜೆ ಕರಗಿಸುವುದು ಇನ್ನೊಂದು. ಮಂಜುಗಡ್ಡೆ ಮಾಡುವಾಗ ಯಂತ್ರದ ದಕ್ಷತೆ ಸ್ವಲ್ಪ ಇಳಿಯುತ್ತದೆ, ಟ್ಯಾಂಕಿಗೆ ಜಾಗ ಬೇಕು. ಪ್ರತಿಯಾಗಿ ಯಂತ್ರ ಚಿಕ್ಕದಾಗುತ್ತದೆ, ಮೆಸ್ಕಾಂಗೆ ಕಟ್ಟುವ ನಿಗದಿತ ಶುಲ್ಕ ಇಳಿಯುತ್ತದೆ, ಜನರೇಟರಿನ ಡೀಸೆಲ್ಲೂ ಉಳಿಯುತ್ತದೆ.

ವಿದ್ಯುತ್ ಗ್ರಾಹಕರ ಹಕ್ಕುಗಳ ಕುರಿತ ಕೇಂದ್ರ ಸರ್ಕಾರದ 2023ರ ತಿದ್ದುಪಡಿ ನಿಯಮಗಳು ಈ ಲೆಕ್ಕಕ್ಕೆ ಇನ್ನಷ್ಟು ಬಲ ಕೊಡುತ್ತವೆ. ಬಿಸಿಲಿರುವ ಎಂಟು ಗಂಟೆಯ ವಿದ್ಯುತ್ತಿಗೆ ಕಡಿಮೆ ದರ, ಸಂಜೆಯ ಒತ್ತಡದ ಹೊತ್ತಿಗೆ ಹೆಚ್ಚು ದರ ಎಂಬ ಪದ್ಧತಿಯನ್ನು 10 ಕಿಲೋವಾಟ್ ಮೀರಿದ ವಾಣಿಜ್ಯ ಗ್ರಾಹಕರಿಗೂ ವಿಸ್ತರಿಸಬೇಕು ಎಂಬುದು ಅವುಗಳ ಆಶಯ. ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಇದನ್ನು ಬಿಗಿಯಾಗಿ ಜಾರಿಗೆ ತಂದಷ್ಟೂ ತಂಪು ಕೂಡಿಡುವವರಿಗೆ ಲಾಭ.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸ ಮಾಡುವುದು ಬಡಾವಣೆಗೊಂದು ತಂಪಿನ ಕೇಂದ್ರ ಇಟ್ಟು ಕೊಳವೆಯಲ್ಲಿ ತಣ್ಣೀರು ಹಂಚುವ ವ್ಯವಸ್ಥೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿದೆ. ಪ್ಯಾರಿಸ್ ಸೀನ್ ನದಿಯನ್ನೂ, ಟೊರೊಂಟೊ ಒಂಟಾರಿಯೊ ಸರೋವರದ ಆಳದ ತಣ್ಣೀರನ್ನೂ ಇದಕ್ಕೆ ಬಳಸುತ್ತವೆ. ತುಂಗಾ-ಭದ್ರೆಯರನ್ನು ಹಾಗೆ ಬಳಸಬಹುದೇ ಎಂದು ಆಸೆಯಾಗುವುದು ಸಹಜ. ತಂಪು ಬೇಕಾಗುವ ಏಪ್ರಿಲ್‌ನಲ್ಲಿ ಹೊಳೆ ಬತ್ತಿರುತ್ತದೆ, ಉಳಿದ ನೀರೂ ಬೆಚ್ಚಗಿರುತ್ತದೆ. ಅಂಗಡಿಗಳು ಚದುರಿರುವ ನಮ್ಮ ಪೇಟೆಗಳಿಗೆ ಈ ಮಾದರಿ ಸದ್ಯಕ್ಕೆ ಹೊಂದದು. ಒಂದೇ ಆವರಣದ ಆಸ್ಪತ್ರೆ, ಕಾಲೇಜುಗಳಿಗೆ ಹೊಂದೀತು.

ಹೊಟ್ಟಿನಿಂದ ತಂಪು

ಭದ್ರಾ ಅಚ್ಚುಕಟ್ಟಿನ ಭತ್ತ, ಸುತ್ತಲಿನ ಅಡಿಕೆ ಇವೆರಡರಿಂದ ಉಳಿಯುವ ಹೊಟ್ಟು, ಸಿಪ್ಪೆ ಅಪಾರ. ಭತ್ತದ ತೂಕದ ಐದರಲ್ಲೊಂದು ಪಾಲು ಹೊಟ್ಟು. ಕಿಲೋಗೆ ಸುಮಾರು 3,000 ಕಿಲೋಕ್ಯಾಲೊರಿ ಶಾಖ. ಈ ಶಾಖದಿಂದ ಆಟೋಕ್ಲೇವಿನ ಹಬೆ ಮಾತ್ರವಲ್ಲ, ತಂಪನ್ನೂ ಪಡೆಯಬಹುದು. ಲಿಥಿಯಂ ಬ್ರೋಮೈಡ್ ದ್ರಾವಣ ನೀರಿನ ಆವಿಯನ್ನು ಹೀರಿಕೊಳ್ಳುವ ಗುಣವನ್ನೇ ನೆಚ್ಚಿದ ಹೀರು-ಯಂತ್ರಗಳಿಗೆ ವಿದ್ಯುತ್ತಿನ ಕಂಪ್ರೆಸರ್ ಬೇಕಿಲ್ಲ, ಬಿಸಿ ಇದ್ದರೆ ಸಾಕು. ಪುಣೆಯ ಥರ್ಮ್ಯಾಕ್ಸ್‌ನಂಥ ಕಂಪನಿಗಳು ಇವನ್ನು ದೇಶದಲ್ಲೇ ತಯಾರಿಸುತ್ತವೆ.

ಆದರೂ ಇಲ್ಲಿ ಬೆಂಕಿಪುರದ ಪಾಠ ಮರೆಯಬಾರದು. ಹೊಟ್ಟು ಬಿಟ್ಟಿ ಬಿದ್ದಿಲ್ಲ. ಅಕ್ಕಿ ಗಿರಣಿಗಳ ಬಾಯ್ಲರ್, ಇಟ್ಟಿಗೆ ಗೂಡುಗಳಿಗೆ ಅದು ಆಗಲೇ ಹೋಗುತ್ತಿದೆ. ಬೇಡಿಕೆ ಏರಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಹೊಟ್ಟಿನ ಹೆಸರಲ್ಲಿ ಸೌದೆ ಬರುತ್ತದೆ. ಪೇಟೆಯ ನಡುವೆ ಬಾಯ್ಲರ್ ಇಟ್ಟರೆ ಹೊಗೆ, ಬೂದಿಯ ಪ್ರಶ್ನೆ. ಕೂಲಿಂಗ್ ಟವರಿಗೆ ಬೇಸಿಗೆಯಲ್ಲಿ ನೀರು ಬೇಕು. ಗಿರಣಿಯ ಪಕ್ಕದ ಶೀತಲ ಗೋದಾಮಿಗೆ, ಕೈಗಾರಿಕಾ ಪ್ರದೇಶದ ಘಟಕಕ್ಕೆ ಇದು ಸರಿ. ಶಿವಮೊಗ್ಗ ಪೇಟೆಯ ದುರ್ಗಿಗುಡಿಯ ಅಂಗಡಿಗೆ ಅಲ್ಲ.

ಕಣ್ಣಿಗೆ ಕಾಣದ ಅನಿಲ

ವಿದ್ಯುತ್ತೆಲ್ಲ ಬಿಸಿಲಿನಿಂದಲೇ ಬಂದರೂ ಎಸಿ ಪೂರ್ತಿ ಹಸಿರಾಗದು. ‘ಗ್ಯಾಸ್ ಚಾರ್ಜ್’ ಎಂದು ಮೆಕ್ಯಾನಿಕ್‌ಗಳು ತುಂಬುವ ಶೀತಕ ಅನಿಲಗಳು ಸೋರಿದಾಗ ಬಿಸಿಯೇರಿಕೆಗೆ ಭಾರಿ ಕೊಡುಗೆ ಕೊಡುತ್ತವೆ. ಆರ್-410ಎ ಅನಿಲದ ಒಂದು ಕಿಲೋ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-32 ಅದರ ಮೂರನೇ ಒಂದು ಭಾಗ. ಪ್ರೊಪೇನ್ ಆದ ಆರ್-290 ನಗಣ್ಯ, ಆದರೆ ಹೊತ್ತಿಕೊಳ್ಳುವ ಗುಣದ್ದು. 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಇಂಥ ಶೀತಕಗಳ ಬಳಕೆಯನ್ನು 2032ರಿಂದ ಇಳಿಸಲಾರಂಭಿಸಿ 2047ಕ್ಕೆ ಶೇ 85ರಷ್ಟು ತಗ್ಗಿಸಬೇಕು. ಒಪ್ಪಂದ ಯಶಸ್ವಿಯಾಗುವುದು ಮೆಕ್ಯಾನಿಕ್‌ನ ಕೈಯಲ್ಲಿ. ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳುವ ತರಬೇತಿ, ಉಪಕರಣ, ಅದಕ್ಕೆ ತಕ್ಕ ಕೂಲಿ ಅವನಿಗೆ ಸಿಗಬೇಕು. 2019ರ ಭಾರತದ ತಂಪು ಕ್ರಿಯಾ ಯೋಜನೆ ಇಂಥ ತಂತ್ರಜ್ಞರ ತರಬೇತಿಗೆ ಒತ್ತು ಕೊಟ್ಟಿದೆ. ಭದ್ರಾವತಿ, ಶಿವಮೊಗ್ಗದ ಐಟಿಐಗಳಿಗೆ ಇದು ಒಳ್ಳೆಯ ಅವಕಾಶ.

ಕಟ್ಟುವವರೊಬ್ಬರು, ಬಿಲ್ ಕಟ್ಟುವವರೊಬ್ಬರು

ತಂತ್ರಜ್ಞಾನ ಇಷ್ಟಿದ್ದೂ ಕಟ್ಟಡಗಳು ಏಕೆ ಬದಲಾಗುತ್ತಿಲ್ಲ? ಒಂದು ಕಾರಣ ಕಾನೂನಿನ ಜರಡಿ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2007ರಲ್ಲಿ ಬಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ (ಇಸಿಬಿಸಿ) ಗೋಡೆ, ಗಾಜು, ಎಸಿಗಳ ದಕ್ಷತೆಗೆ ಕನಿಷ್ಠ ಮಟ್ಟ ಹೇಳುತ್ತದೆ. ಅದು ಅನ್ವಯಿಸುವುದು 100 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚಿನ ಸಂಪರ್ಕ ಹೊರೆಯ ಕಟ್ಟಡಗಳಿಗೆ. ಜಿಲ್ಲಾ ಕೇಂದ್ರದ ಪೇಟೆಯ ಬಹುಪಾಲು ಅಂಗಡಿ, ಕ್ಲಿನಿಕ್, ಲಾಡ್ಜುಗಳು ಜರಡಿಯ ಕಣ್ಣಿನಿಂದ ನುಸುಳಿಹೋಗುತ್ತವೆ. ಈ ಮಿತಿಯನ್ನು ಇಳಿಸುವ ಅಧಿಕಾರ 2022ರ ತಿದ್ದುಪಡಿಯಿಂದ ರಾಜ್ಯಗಳಿಗಿದೆ.

ಎರಡನೆಯ ಕಾರಣ ಬಾಡಿಗೆ. ಕಟ್ಟಡ ಕಟ್ಟುವವನು ಮಾಲೀಕ, ಬಿಲ್ ಕಟ್ಟುವವನು ಬಾಡಿಗೆದಾರ. ಸಜ್ಜೆಗೆ, ಚಾವಣಿಯ ಶಾಖನಿರೋಧಕಕ್ಕೆ ಮಾಲೀಕ ಹಾಕಿದ ದುಡ್ಡಿನ ಫಲ ಬಾಡಿಗೆದಾರನಿಗೆ. ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರನಿಗೆ ಹತ್ತು ವರ್ಷ ಬಾಳುವ ಯಂತ್ರದ ಮೇಲೆ ಆಸಕ್ತಿಯಿಲ್ಲ. ಉಳಿತಾಯವನ್ನು ಇಬ್ಬರೂ ಹಂಚಿಕೊಳ್ಳುವ ಕರಾರು, ಕಟ್ಟಡಕ್ಕೆ ಸ್ಟಾರ್ ಗುರುತು, ಆ ಗುರುತನ್ನು ನೋಡಿ ಸಾಲದ ಬಡ್ಡಿ ಇಳಿಸುವ ಬ್ಯಾಂಕು ಇವು ಬಂದರೆ ಗಂಟು ಬಿಚ್ಚೀತು.

ಮೂರನೆಯ ಕಾರಣ ತಾರಸಿಯ ಮಿತಿ. ಅದರಲ್ಲಿ ಬಾಗಿಲು ಈಗಾಗಲೇ ತೆರೆದಿದೆ. ತಾರಸಿ ಸಾಲದವರು ಬೇರೆಡೆಯ ಹಸಿರು ವಿದ್ಯುತ್ತನ್ನು ನೇರ ಕೊಳ್ಳಬೇಕೆಂದರೆ ಮೊದಲು 1 ಮೆಗಾವಾಟ್ ಬೇಡಿಕೆ ಇರಬೇಕಿತ್ತು. 2022ರ ನಿಯಮಗಳು ಅದನ್ನು 100 ಕಿಲೋವಾಟ್‌ಗೆ ಇಳಿಸಿವೆ. ದೊಡ್ಡ ಆಸ್ಪತ್ರೆ, ಮಾಲ್‌ಗಳು ಚಿತ್ರದುರ್ಗದ ಗಾಳಿಯನ್ನೋ ಪಾವಗಡದ ಕಡೆಯ ಬಿಸಿಲನ್ನೋ ಮೆಸ್ಕಾಂ ತಂತಿಯಲ್ಲೇ ತರಿಸಿಕೊಳ್ಳಬಹುದು. ಮಧ್ಯದ ಶುಲ್ಕಗಳು ಎಷ್ಟೆಂಬುದರ ಮೇಲೆ ಲಾಭ ನಿಂತಿದೆ.

ಕೊನೆಗೆ ಯಾವುದು ಮೊದಲು

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಊರುಗಳಿಗೆ ಒಂದು ಕ್ರಮ ಕಾಣುತ್ತದೆ. ಹೊಸ ಕಟ್ಟಡಕ್ಕೆ ದಿಕ್ಕು, ನೆರಳು, ಚಾವಣಿ ಮೊದಲು. ಫ್ಯಾನು ಮತ್ತು 26 ಡಿಗ್ರಿ ಆಮೇಲೆ. ದಕ್ಷ ಯಂತ್ರ, ಪೋಲಾಗುವ ಶಾಖದ ಮರುಬಳಕೆ ಅದರ ನಂತರ. ಬಿಸಿನೀರಿಗೆ ಸೋಲಾರ್-ಹೀಟ್ ಪಂಪ್ ಜೋಡಿ. ರಾತ್ರಿ ಬಳಕೆಯ ಕಟ್ಟಡಕ್ಕೆ ಮಂಜುಗಡ್ಡೆಯ ಟ್ಯಾಂಕು. ಇಷ್ಟಾದ ಮೇಲೆ ಉಳಿಯುವ ಬೇಡಿಕೆಗೆ ತಾರಸಿಯ ಫಲಕ, ತಂತಿಯ ಹಸಿರು ವಿದ್ಯುತ್ತು. ಇದನ್ನು ತಲೆಕೆಳಗು ಮಾಡಿ ಫಲಕದಿಂದಲೇ ಶುರುಮಾಡಿದರೆ ಸೋರುವ ಕಟ್ಟಡಕ್ಕೆ ದುಬಾರಿ ವಿದ್ಯುತ್ತು ಸುರಿದಂತಾಗುತ್ತದೆ.

ಈ ಕ್ರಮದ ಮೊದಲ ಮೆಟ್ಟಿಲಿಗೆ ಕೇಂದ್ರದ ಸಬ್ಸಿಡಿಯಾಗಲಿ ವಿದೇಶದ ಯಂತ್ರವಾಗಲಿ ಬೇಡ. ನಕ್ಷೆ ಮಂಜೂರು ಮಾಡುವ ಪಾಲಿಕೆ, ನಗರಸಭೆ ಮತ್ತು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ ಮನಸ್ಸು ಮಾಡಿದರೆ ಸಾಕು. ಸೆಟ್‌ಬ್ಯಾಕ್ ಅಳೆಯುವ ಎಂಜಿನಿಯರ್ ಪಡುವಣದ ಗಾಜಿಗೆ ನೆರಳಿದೆಯೇ, ತಾರಸಿಗೆ ಬಿಳಿ ಲೇಪವಿದೆಯೇ ಎಂಬ ಎರಡು ಪ್ರಶ್ನೆ ಸೇರಿಸಿ ಕೇಳಲಿ. ನಕ್ಷೆಯಲ್ಲಿ ಗೆರೆ ಬದಲಿಸಲು ತಗಲುವುದು ಒಂದು ಮಧ್ಯಾಹ್ನ. ಕಟ್ಟಿ ಮುಗಿದ ಗಾಜಿನ ಪೆಟ್ಟಿಗೆಯನ್ನು ತಣಿಸಲು ಮುಂದಿನ ಮೂವತ್ತು ವರ್ಷ ಶರಾವತಿ ಕಣಿವೆಯಿಂದಲೋ ರಾಯಚೂರಿನ ಕಲ್ಲಿದ್ದಲು ಸ್ಥಾವರದಿಂದಲೋ ವಿದ್ಯುತ್ತು ತರುತ್ತಲೇ ಇರಬೇಕಾಗುತ್ತದೆ.